ಸೈಕಸ್ ಕೊಳ್ಳುವ ಮುನ್ನ: ಬೆಂಗಳೂರಿನ ಮನೆಗೆ ಯಾವ ಗಿಡ ಹೊಂದುತ್ತದೆ?

ಬೆಂಗಳೂರಿನ ನರ್ಸರಿಗಳಲ್ಲಿ ಸೈಕಸ್ ಬೇಕು ಎಂದರೆ ಬಹುತೇಕ ಎಲ್ಲ ಕಡೆ ತೋರಿಸುವುದು ಒಂದೇ ಗಿಡವನ್ನು, ಸೈಕಸ್ ರೆವೊಲ್ಯೂಟಾ. ಗಿಡ್ಡನೆಯ ಒರಟು ಬೊಡ್ಡೆ, ತಲೆಯ ಮೇಲೆ ಸುತ್ತಲೂ ಹರಡಿದ ಕಡುಹಸಿರು ಗರಿ, ಮುಟ್ಟಿದರೆ ಚುಚ್ಚುವ ತುದಿ. ಅಪಾರ್ಟ್‌ಮೆಂಟ್ ಗೇಟಿನ ಎರಡೂ ಬದಿಗೆ, ಕಲ್ಯಾಣಮಂಟಪದ ಮೆಟ್ಟಿಲ ಪಕ್ಕ, ಆಫೀಸಿನ ಲಾನ್ ಮಧ್ಯೆ ನಿಂತಿರುವುದೂ ಇದೇ. ಅದೇ ನರ್ಸರಿಯ ಇನ್ನೊಂದು ಮೂಲೆಯಲ್ಲಿ ದಪ್ಪ, ಅಗಲ ಎಲೆಯ ಮತ್ತೊಂದು ಗಿಡ ಇರುತ್ತದೆ: ಜೇಮಿಯಾ ಫರ್ಫ್ಯುರೇಸಿಯಾ. ಅದೂ ಸೈಕಸ್ ವರ್ಗದ್ದೇ; ಮಾರುವವರು ಅದನ್ನು ಕಾರ್ಡ್‌ಬೋರ್ಡ್ ಪಾಮ್ ಎನ್ನುತ್ತಾರೆ. ಕೇಳುವವರು ಕಡಿಮೆ. ಆದರೆ ನಗರದ ಹೆಚ್ಚಿನ ಮನೆಗಳಿಗೆ, ಅದರಲ್ಲೂ ಬಾಲ್ಕನಿ ಮತ್ತು ಟೆರೇಸಿಗೆ, ಹೊಂದುವುದು ಈ ಎರಡನೆಯದೇ.

ಕಾರಣ ಇರುವುದು ಗಿಡ ಚಿಗುರುವ ಬಗೆಯಲ್ಲಿ. ರೆವೊಲ್ಯೂಟಾ ದಾಸವಾಳದ ಹಾಗೆ ದಿನಕ್ಕೊಂದು ಎಲೆ ಬಿಡುವುದಿಲ್ಲ. ತಿಂಗಳುಗಟ್ಟಲೆ ಸುಮ್ಮನಿದ್ದು, ಒಂದು ದಿನ ಸುಳಿ ಉಬ್ಬಿಸಿ, ಹತ್ತಿಪ್ಪತ್ತು ಗರಿಗಳನ್ನು ಒಟ್ಟಿಗೆ ಎಬ್ಬಿಸುತ್ತದೆ. ಕುಂಡದಲ್ಲಿ ಇದು ವರ್ಷಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು ಸಲ. ಆ ಎರಡು ಮೂರು ವಾರಗಳಲ್ಲಿ ಹುಳು ಬಿದ್ದರೆ, ನೀರು ತಪ್ಪಿದರೆ, ನೆರಳಾದರೆ, ಇಡೀ ಸುತ್ತು ಕೆಡುತ್ತದೆ. ಕೆಟ್ಟ ಗರಿ ಮತ್ತೆ ಸರಿಯಾಗದು. ಮುಂದಿನ ಸುಳಿ ಬರುವವರೆಗೆ ಆ ಹರಕು ಗಿಡವನ್ನೇ ನೋಡುತ್ತಿರಬೇಕು. ಜೇಮಿಯಾ ಒಮ್ಮೆಗೆ ಕೆಲವೇ ಗರಿ ಬಿಡುತ್ತದೆ, ಆದರೆ ವರ್ಷದಲ್ಲಿ ಹಲವು ಬಾರಿ. ಒಂದು ಸುತ್ತು ಹಾಳಾದರೆ ಕೆಲವು ತಿಂಗಳಲ್ಲಿ ಇನ್ನೊಂದು ಮುಚ್ಚಿಹಾಕುತ್ತದೆ. ಹಾಗಾಗಿ ಯಾವ ಸೈಕಸ್ ಎಂಬ ಪ್ರಶ್ನೆಗೆ ಉತ್ತರ ಸಿಗಬೇಕಾದರೆ, ಸುಳಿ ಬಂದ ಆ ಮೂರು ವಾರ ನೀವು ಗಿಡದ ಹತ್ತಿರ ಇರುತ್ತೀರಾ ಎಂದು ಮೊದಲು ಕೇಳಿಕೊಳ್ಳಬೇಕು.

ಹೆಸರಿನಲ್ಲಿ ಪಾಮ್ ಇದ್ದರೂ ಇವು ಯಾವುವೂ ತೆಂಗು, ಅಡಿಕೆ, ಈಚಲಿನ ಬಳಗಕ್ಕೆ ಸೇರಿದವಲ್ಲ. ಇವು ಹೂ ಬಿಡುವುದಿಲ್ಲ. ಪೈನ್ ಮರದಂತೆ ಶಂಕು ಬಿಟ್ಟು, ಬೀಜವನ್ನು ಹಣ್ಣಿನ ಹೊದಿಕೆಯಿಲ್ಲದೆ ಹೊರುತ್ತವೆ. ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ‘ಡೈನೋಸಾರ್ ಕಾಲದ ಗಿಡ’ ಎಂಬ ಮಾತು ಅರ್ಧ ಮಾತ್ರ ಸರಿ. ಈ ವಂಶದ ಪಳೆಯುಳಿಕೆಗಳು ಡೈನೋಸಾರ್‌ಗಳಿಗಿಂತಲೂ ಹಳೆಯವು ನಿಜ. ಆದರೆ ಇಂದು ಉಳಿದಿರುವ ಸುಮಾರು 380 ಜಾತಿಗಳಲ್ಲಿ ಹೆಚ್ಚಿನವು ಕವಲೊಡೆದದ್ದು ಕಳೆದ ಒಂದು ಕೋಟಿ ಚಿಲ್ಲರೆ ವರ್ಷಗಳಲ್ಲಿ. ಆ ಹಳಮೆಯ ಹೆಸರಿನಲ್ಲಿ ಹೆಚ್ಚು ಬೆಲೆ ಕೊಡಬೇಕಾಗಿಲ್ಲ.

ಮೊದಲು ಜಾಗ ಅಳೆಯಿರಿ

ನರ್ಸರಿಯಲ್ಲಿ ಒಂದಡಿ ಅಗಲ ಇರುವ ಗಿಡ ಮನೆಯಲ್ಲಿ ಎಷ್ಟಾಗುತ್ತದೆ ಎಂಬ ಅಂದಾಜು ಬಹಳ ಜನಕ್ಕೆ ಇರುವುದಿಲ್ಲ. ರೆವೊಲ್ಯೂಟಾ ಹದಿನಾಲ್ಕು ಇಂಚಿನ ಕುಂಡದಲ್ಲಿ ಮೂರರಿಂದ ನಾಲ್ಕು ಅಡಿ ಹರಡುತ್ತದೆ, ನೆಲದಲ್ಲಿ ಐದಾರು ಅಡಿ. ಜೇಮಿಯಾ ಕುಂಡದಲ್ಲಿ ಮೂರಡಿ, ನೆಲದಲ್ಲಿ ವರ್ಷಗಳು ಕಳೆದ ಮೇಲೆ ಅದೂ ಐದಾರು ಅಡಿ. ಪಶ್ಚಿಮ ಘಟ್ಟದ ಸೈಕಸ್ ಸರ್ಸಿನಾಲಿಸ್‌ನ ಒಂದೊಂದು ಗರಿಯೇ ಐದರಿಂದ ಎಂಟು ಅಡಿ. ಅಂದರೆ ಒಂದು ಗಿಡಕ್ಕೆ ಹತ್ತು ಹನ್ನೆರಡು ಅಡಿ ಅಗಲದ ಜಾಗ ಬೇಕು. ಮೂವತ್ತು–ನಲವತ್ತರ ಸೈಟಿನಲ್ಲಿ ಕಾಂಪೌಂಡಿಗೂ ಗೋಡೆಗೂ ನಡುವೆ ಉಳಿಯುವುದು ಮೂರಡಿ. ಅಲ್ಲಿ ಸರ್ಸಿನಾಲಿಸ್ ನೆಟ್ಟರೆ ವರ್ಷ ವರ್ಷ ಗರಿ ಕಡಿಯುವುದೇ ಕೆಲಸವಾಗುತ್ತದೆ, ಗರಿ ಕಡಿದ ಸೈಕಸ್‌ಗೆ ರೂಪವೇ ಇರುವುದಿಲ್ಲ.

ಅದೇ ಮೂರಡಿಯಲ್ಲಿ ರೆವೊಲ್ಯೂಟಾ ಇಟ್ಟರೆ ಬೇರೆ ತೊಂದರೆ. ಇದರ ಕಿರುಎಲೆಗಳ ತುದಿ ಗಟ್ಟಿ ಮುಳ್ಳು. ಎರಡಡಿ ಎತ್ತರದ ಕುಂಡದ ಮೇಲೆ ಗಿಡ ಇಟ್ಟರೆ ಆ ಮುಳ್ಳುಗಳು ಸರಿಯಾಗಿ ಚಿಕ್ಕ ಮಕ್ಕಳ ಕಣ್ಣಿನ ಮಟ್ಟಕ್ಕೆ ಬರುತ್ತವೆ. ಸ್ಕೂಟರ್ ನಿಲ್ಲಿಸುವ ಕಡೆ, ಮೆಟ್ಟಿಲ ತಿರುವಿನಲ್ಲಿ, ಗೇಟಿನ ಅಗಳಿಯ ಪಕ್ಕದಲ್ಲಿ ಇಡಲೇಬೇಡಿ. ಜೇಮಿಯಾದ ಎಲೆ ಚುಚ್ಚುವುದಿಲ್ಲ. ಗರಿಯ ತೊಟ್ಟಿನಲ್ಲಿ ಸಣ್ಣ ಮುಳ್ಳುಗಳಿವೆ, ಅವು ಗಿಡದ ಬುಡದಲ್ಲೇ ಇರುವುದರಿಂದ ಓಡಾಡುವವರಿಗೆ ತಾಗುವುದು ಕಡಿಮೆ.

ತೂಕವನ್ನೂ ಲೆಕ್ಕ ಹಾಕಿ. ಹನ್ನೆರಡು ಇಂಚಿನ ಕುಂಡ ಮಣ್ಣು ತುಂಬಿ ನೀರು ಕುಡಿದಾಗ ಮೂವತ್ತು ಕಿಲೋ ಹತ್ತಿರ ಬರುತ್ತದೆ, ಹದಿನಾಲ್ಕು ಇಂಚಿನದು ನಲವತ್ತು ದಾಟುತ್ತದೆ. ಬಾಲ್ಕನಿಯ ಕಂಬಿಗೆ ತೂಗುಹಾಕುವ ಸ್ಟ್ಯಾಂಡಿಗೆ ಸೈಕಸ್ ಅಲ್ಲವೇ ಅಲ್ಲ.

ರೆವೊಲ್ಯೂಟಾ ಯಾರಿಗೆ

ಇದು ಜಪಾನಿನ ದಕ್ಷಿಣದ ದ್ವೀಪಗಳ ಗಿಡ. ಅಲ್ಲಿನ ಚಳಿಗೆ ಹೊಂದಿಕೊಂಡದ್ದಕ್ಕೆ ಬೆಂಗಳೂರಿನ ಡಿಸೆಂಬರ್ ಏನೂ ಅಲ್ಲ. ಬಿಸಿಲು ಮಾತ್ರ ಬೇಕೇ ಬೇಕು, ದಿನಕ್ಕೆ ಕನಿಷ್ಠ ನಾಲ್ಕೈದು ಗಂಟೆ ನೇರ ಬಿಸಿಲು. ಎದುರು ಕಟ್ಟಡದ ನೆರಳಿನಲ್ಲಿ ಇಟ್ಟರೆ ಸಾಯುವುದಿಲ್ಲ, ಆದರೆ ಹೊಸ ಗರಿ ಬೆಳಕು ಹುಡುಕಿ ಉದ್ದುದ್ದ ಎಳೆದು, ಸಡಿಲವಾಗಿ ಜೋತು ಬೀಳುತ್ತದೆ. ಹಾಗೆ ಬೆಳೆದ ಗರಿಯನ್ನು ಆಮೇಲೆ ಬಿಸಿಲಿಗೆ ತಂದರೂ ಅದು ಗಿಡ್ಡವಾಗದು. ಬೆಳಕು ಒಂದೇ ಕಡೆಯಿಂದ ಬರುವ ಬಾಲ್ಕನಿಯಲ್ಲಿ ಸುಳಿ ಪೂರ್ತಿ ಆ ಕಡೆಗೇ ವಾಲುತ್ತದೆ. ಕುಂಡ ತಿರುಗಿಸಬೇಕಿದ್ದರೆ ಸುಳಿ ಏಳುವ ಮುಂಚೆ ತಿರುಗಿಸಿ. ಗರಿ ಬಿಚ್ಚುವಾಗ ತಿರುಗಿಸಿದರೆ ಗರಿಯೇ ತಿರುಚುತ್ತದೆ.

ಸುಳಿ ಬರುವ ಸೂಚನೆ ಹೀಗಿರುತ್ತದೆ. ಬೊಡ್ಡೆಯ ನಡುವೆ ಕಂದು ತುಪ್ಪಳದ ಮೊನಚು ಹೊದಿಕೆಗಳು ಸಡಿಲಗೊಂಡು ಮೇಲೇಳುತ್ತವೆ. ಅವುಗಳ ನಡುವಿನಿಂದ ಬಿಳಿಚು ಹಸಿರಿನ ಗರಿಗಳು ಕಟ್ಟಾಗಿ ನೆಟ್ಟಗೆ ಬರುತ್ತವೆ. ಹತ್ತಿರ ಹೋಗಿ ನೋಡಿದರೆ ಒಂದೊಂದು ಕಿರುಎಲೆಯೂ ಜರಿಗಿಡದ ಕುಡಿಯ ಹಾಗೆ ಒಳಕ್ಕೆ ಸುತ್ತಿಕೊಂಡಿರುತ್ತದೆ. ಈ ಹೊತ್ತಿನಲ್ಲಿ ಬೂದುನೀಲಿ ಬಣ್ಣದ ಒಂದು ಪುಟ್ಟ ಚಿಟ್ಟೆ ಗಿಡದ ಸುತ್ತ ಸುಳಿದಾಡುತ್ತಿದ್ದರೆ ಎಚ್ಚರವಾಗಿ. ಅದು ಪ್ಲೇನ್ಸ್ ಕ್ಯೂಪಿಡ್, ವೈಜ್ಞಾನಿಕವಾಗಿ ಚಿಲಾಡಿಸ್ ಪಂಡವ. ನಮ್ಮ ನಾಡಿನದೇ ಚಿಟ್ಟೆ. ಸೈಕಸ್‌ನ ಎಳೆ ಚಿಗುರಿನ ಮೇಲೆ ಸಾಸಿವೆಗಿಂತ ಚಿಕ್ಕ ತೆಳುಬಣ್ಣದ ಮೊಟ್ಟೆ ಇಡುತ್ತದೆ. ಮರಿಹುಳುಗಳು ಸುತ್ತಿಕೊಂಡ ಕಿರುಎಲೆಯ ಒಳಗೇ ಕೂತು ತಿನ್ನುವುದರಿಂದ ಮೊದಲ ದಿನಗಳಲ್ಲಿ ಕಣ್ಣಿಗೇ ಬೀಳುವುದಿಲ್ಲ. ಗುರುತು ಇರುವೆಗಳು: ಹುಳು ಒಸರಿಸುವ ಸಿಹಿಗಾಗಿ ಇರುವೆಗಳು ಚಿಗುರಿಗೆ ಸಾಲುಗಟ್ಟುತ್ತವೆ. ಒಂದು ವಾರ ಬಿಟ್ಟು ನೋಡಿದರೆ ಗರಿಯ ನಡುದಂಟು ಮಾತ್ರ ಉಳಿದಿರುತ್ತದೆ.

ಇದಕ್ಕೆ ಎಲ್ಲಕ್ಕಿಂತ ಒಳ್ಳೆಯ ಉಪಾಯ ಬಲೆ. ಸುಳಿ ಉಬ್ಬಿದ ದಿನವೇ ಕುಂಡದ ಅಂಚಿಗೆ ನಾಲ್ಕು ಉದ್ದ ಕೋಲು ನೆಟ್ಟು, ಮೇಲಿಂದ ಸೊಳ್ಳೆ ಪರದೆ ಇಳಿಬಿಟ್ಟು, ಕುಂಡದ ಕೊರಳಿಗೆ ದಾರ ಕಟ್ಟಿ. ಪರದೆ ಗರಿಗೆ ತಾಗಬಾರದು, ತಾಗಿದ ಕಡೆ ಗರಿ ಬಾಗುತ್ತದೆ. ಎಲೆ ಗಟ್ಟಿಯಾಗಿ ಕಡುಹಸಿರಿಗೆ ತಿರುಗಿದ ಮೇಲೆ ತೆಗೆಯಿರಿ; ಬಲಿತ ಎಲೆಯನ್ನು ಈ ಹುಳು ತಿನ್ನುವುದಿಲ್ಲ. ಬಲೆ ಹಾಕುವುದು ತಡವಾಗಿದ್ದರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ (ಮರಿಹುಳುಗಳನ್ನು ಕೊಲ್ಲುವ ಬ್ಯಾಕ್ಟೀರಿಯಾ) ಪುಡಿಯನ್ನು ಲೀಟರ್ ನೀರಿಗೆ ಒಂದೆರಡು ಗ್ರಾಂ ಬೆರೆಸಿ, ಸಂಜೆ ಹೊತ್ತು ಚಿಗುರು ತೋಯುವಂತೆ ಸಿಂಪಡಿಸಿ, ಐದಾರು ದಿನಕ್ಕೆ ಮತ್ತೊಮ್ಮೆ. ಬೆಳಗ್ಗೆ ಹೊಡೆದರೆ ಬಿಸಿಲಿಗೆ ಅದರ ಶಕ್ತಿ ಬೇಗ ಹೋಗುತ್ತದೆ. ಬಲವಾದ ರಾಸಾಯನಿಕ ಬೇಡ. ಈ ಚಿಟ್ಟೆಗೆ ಸೈಕಸ್ ಬಿಟ್ಟರೆ ಮರಿ ಸಾಕಲು ಹೆಚ್ಚಿನ ಆಯ್ಕೆಯಿಲ್ಲ. ತೋಟದಲ್ಲಿ ಎರಡು ಮೂರು ಗಿಡ ಇರುವವರು ಒಂದನ್ನು ಅದಕ್ಕೇ ಬಿಟ್ಟರೂ ತಪ್ಪಿಲ್ಲ.

ಎರಡನೆಯ ತೊಂದರೆ ಬೋರ್‌ವೆಲ್ ನೀರಿನದು. ನಗರದ ಹೊರವಲಯದ ಗಡಸು ನೀರನ್ನೇ ವರ್ಷಗಟ್ಟಲೆ ಹಾಕಿದ ಕುಂಡದಲ್ಲಿ ಮಣ್ಣು ಕ್ಷಾರವಾಗುತ್ತದೆ. ಆಗ ಮಣ್ಣಲ್ಲಿ ಮ್ಯಾಂಗನೀಸ್ ಇದ್ದರೂ ಬೇರಿಗೆ ಸಿಗುವುದಿಲ್ಲ. ಹೊಸ ಗರಿ ಹಳದಿಯಾಗಿ, ಸುಟ್ಟ ಹಾಗೆ ಮುದುಡಿಕೊಂಡೇ ಹೊರಬರುತ್ತದೆ. ಎಷ್ಟೋ ಜನ ಇದನ್ನು ಬಿಸಿಲ ಹೊಡೆತ ಎಂದುಕೊಂಡು ಗಿಡವನ್ನು ನೆರಳಿಗೆ ಎಳೆಯುತ್ತಾರೆ, ಅಲ್ಲಿಗೆ ಎರಡು ತಪ್ಪಾಯಿತು. ವ್ಯತ್ಯಾಸ ತಿಳಿಯುವುದು ಸುಲಭ. ಬಿಸಿಲಿನ ಸುಡು ಹಳೆಯ ಗರಿಯ ಮೇಲ್ಮೈಯಲ್ಲಿ, ಬಿಸಿಲು ಬೀಳುವ ಕಡೆ ಮಾತ್ರ ಇರುತ್ತದೆ. ಮ್ಯಾಂಗನೀಸ್ ಕೊರತೆ ಹೊಸ ಸುಳಿಯ ಎಲ್ಲ ಗರಿಗಳಲ್ಲೂ ಸಮನಾಗಿ ಇರುತ್ತದೆ. ಮ್ಯಾಂಗನೀಸ್ ಸಲ್ಫೇಟ್ ಲೀಟರಿಗೆ ಮೂರು ಗ್ರಾಂ ಕರಗಿಸಿ ಎಲೆ ಮತ್ತು ಸುಳಿಗೆ ಸಿಂಪಡಿಸಿ, ತಿಂಗಳಿಗೊಮ್ಮೆಯಂತೆ ಮೂರು ಸಲ. ಉಳಿದ ದ್ರಾವಣವನ್ನು ಬುಡಕ್ಕೆ ಹಾಕಿ. ಮುದುಡಿದ ಗರಿ ಬಿಡಿಸಿಕೊಳ್ಳುವುದಿಲ್ಲ, ಫಲ ಕಾಣುವುದು ಮುಂದಿನ ಸುಳಿಯಲ್ಲೇ. ಹಳೆಯ ಗರಿಗಳ ಅಂಚು ಹಳದಿಯಾಗಿ ನಡುಭಾಗ ಹಸಿರಾಗೇ ಇದ್ದರೆ ಅದು ಮೆಗ್ನೀಸಿಯಂ ಕೊರತೆ, ಅದಕ್ಕೆ ಎಪ್ಸಮ್ ಸಾಲ್ಟ್. ಮಳೆನೀರು ಹಿಡಿಯುವ ವ್ಯವಸ್ಥೆ ಇದ್ದವರು ಸೈಕಸ್‌ಗೆ ಆ ನೀರನ್ನೇ ಕೊಡಿ.

ಇಷ್ಟೆಲ್ಲ ಮಾಡಲು ಸಿದ್ಧರಿದ್ದರೆ ರೆವೊಲ್ಯೂಟಾದಷ್ಟು ಅಚ್ಚುಕಟ್ಟಾದ ಗಿಡ ಇನ್ನೊಂದಿಲ್ಲ. ಪೂರ್ವಕ್ಕೋ ದಕ್ಷಿಣಕ್ಕೋ ತೆರೆದ ಅಂಗಳ, ಬಿಸಿಲು ಬೀಳುವ ಟೆರೇಸು, ನಿತ್ಯ ಗಿಡಗಳ ನಡುವೆ ಓಡಾಡುವ ಅಭ್ಯಾಸ ಇರುವವರಿಗೆ ಇದೇ ಸರಿ. ಅಪಾರ್ಟ್‌ಮೆಂಟಿನ ಪೋಡಿಯಂನಲ್ಲಿ ಸಾಲಾಗಿ ನೆಡುವುದಾದರೆ ಮಾತ್ರ ಇನ್ನೊಮ್ಮೆ ಯೋಚಿಸಿ. ಎಲೆಗೆ ಅಂಟಿಕೊಂಡು ರಸ ಹೀರುವ ಬಿಳಿ ಶಲ್ಕ ಕೀಟ ಒಂದು ಗಿಡಕ್ಕೆ ಬಿದ್ದರೆ ಇಡೀ ಸಾಲಿಗೆ ಹಬ್ಬಲು ಹೆಚ್ಚು ಕಾಲ ಬೇಡ.

ಜೇಮಿಯಾ ಯಾಕೆ

ಜೇಮಿಯಾ ಫರ್ಫ್ಯುರೇಸಿಯಾ ಮೆಕ್ಸಿಕೋದ ವೆರಾಕ್ರೂಜ್ ಕರಾವಳಿಯದು. ಬೊಡ್ಡೆ ಬಹುಪಾಲು ಮಣ್ಣಿನೊಳಗೇ ಇರುತ್ತದೆ. ಗರಿಗೆ ಆರರಿಂದ ಹನ್ನೆರಡು ಜೊತೆ ದಪ್ಪ ಕಿರುಎಲೆ, ಮೇಲೆ ಸಣ್ಣ ಕಂದು ರೋಮ; ಬೆರಳಾಡಿಸಿದರೆ ಒರಟು ರಟ್ಟು ಮುಟ್ಟಿದ ಅನುಭವ. ನೇರ ಬಿಸಿಲು ಎರಡು ಮೂರು ಗಂಟೆ ಸಿಕ್ಕಿ, ಉಳಿದ ಹೊತ್ತು ಒಳ್ಳೆಯ ಬೆಳಕಿದ್ದರೆ ಸಾಕು. ಪೂರ್ತಿ ಬಿಸಿಲಿನಲ್ಲಿ ಗಿಡ್ಡವಾಗಿ ದಟ್ಟವಾಗಿ ಬೆಳೆಯುತ್ತದೆ, ಅರೆನೆರಳಿನಲ್ಲಿ ಗರಿ ಉದ್ದವಾಗಿ ಚಾಚುತ್ತದೆ, ಎರಡೂ ನೋಡಲು ಚೆನ್ನ. ಮಳೆ ಕಡಿಮೆಯಾಗಿ ಟ್ಯಾಂಕರ್ ನೀರಿಗೆ ಕಾಯುವ ಏಪ್ರಿಲ್‌ನಲ್ಲಿ ವಾರ, ಹತ್ತು ದಿನ ನೀರಿಲ್ಲದೆ ತಡೆದುಕೊಳ್ಳುತ್ತದೆ, ಬೊಡ್ಡೆಯಲ್ಲಿ ನೀರು ಕೂಡಿಟ್ಟಿರುತ್ತದೆ. ರಜೆಗೆ ಊರಿಗೆ ಹೋಗುವ ಮನೆಗಳಿಗೆ ಇದೊಂದೇ ಕಾರಣ ಸಾಕಾಗಬಹುದು. ಪ್ಲೇನ್ಸ್ ಕ್ಯೂಪಿಡ್ ಸಾಮಾನ್ಯವಾಗಿ ಇದರ ಗೋಜಿಗೆ ಬರುವುದಿಲ್ಲ. ಹಿಟ್ಟು ತಿಗಣೆ ಮಾತ್ರ ಹೊಸ ಗರಿಯ ಬುಡದಲ್ಲಿ ಗೂಡುಕಟ್ಟುತ್ತದೆ. ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒರೆಸಿದರೆ ಹೋಗುತ್ತದೆ.

ಇದರ ದೌರ್ಬಲ್ಯ ಒಂದೇ, ಬುಡದಲ್ಲಿ ನಿಂತ ನೀರು. ಬೊಡ್ಡೆ ಮಣ್ಣೊಳಗೆ ಇರುವುದರಿಂದ ಕೊಳೆತದ್ದು ಹೊರಗೆ ಗೊತ್ತಾಗುವುದೇ ಇಲ್ಲ. ಗರಿಗಳು ಹಸಿರಿರುವಾಗಲೇ ಒಂದೊಂದಾಗಿ ಬುಡದಿಂದ ಮಗುಚಿಕೊಂಡರೆ ಒಳಗೆ ಕೊಳೆ ಶುರುವಾಗಿದೆ ಎಂದೇ ತಿಳಿಯಿರಿ. ತಕ್ಷಣ ಕಿತ್ತು, ಮೆತ್ತಗಾದ ಭಾಗವನ್ನು ಗಟ್ಟಿ ಬಿಳಿ ತಿರುಳು ಸಿಗುವವರೆಗೆ ಕೆತ್ತಿ, ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕದ ಪುಡಿ ಸವರಿ, ನೆರಳಿನಲ್ಲಿ ಒಂದು ವಾರ ಒಣಗಲು ಬಿಟ್ಟು ಆಮೇಲೆ ಬರಿ ದಪ್ಪ ಮರಳಿನಲ್ಲಿ ನೆಟ್ಟರೆ ಎಷ್ಟೋ ಗಿಡಗಳು ಉಳಿಯುತ್ತವೆ.

ಅಂದದ ವಿಷಯಕ್ಕೆ ಬಂದರೆ, ರೆವೊಲ್ಯೂಟಾದ ಕಟ್ಟುನಿಟ್ಟಿನ ಸುತ್ತು ಬೇಕೇ ಬೇಕು ಎನ್ನುವವರಿಗೆ ಜೇಮಿಯಾ ಸಮಾಧಾನ ಕೊಡದು. ಅದರದು ಸಡಿಲ ಹರವು.

ನಮ್ಮ ಘಟ್ಟದ ಸೈಕಸ್

ಸೈಕಸ್ ಸರ್ಸಿನಾಲಿಸ್ ಪಶ್ಚಿಮ ಘಟ್ಟದ ಗಿಡ. ಭಾರತ ಬಿಟ್ಟು ಬೇರೆಲ್ಲೂ ಸಹಜವಾಗಿ ಬೆಳೆಯದು. ಅಳಿವಿನಂಚಿಗೆ ಸರಿಯುತ್ತಿರುವ ಗಿಡಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ. ಕಾಡು ಕರಗಿದ್ದು ಒಂದು ಕಾರಣವಾದರೆ, ಹೂವಿನ ಅಲಂಕಾರಕ್ಕೆ ಗರಿಯನ್ನೂ ಔಷಧಿಗೆ ತಿರುಳು ಮತ್ತು ಶಂಕುವನ್ನೂ ಕಾಡಿನಿಂದಲೇ ಕಡಿದು ತರುವುದು ಇನ್ನೊಂದು. ಮೈಸೂರು ಸೀಮೆಯ ಸೈಕಸ್ ಗಿಡದ ಜೀವನಚಕ್ರವನ್ನು ಬಿ.ಜಿ.ಎಲ್. ಸ್ವಾಮಿ ಅವರು ಸೂಕ್ಷ್ಮವಾಗಿ ಅಧ್ಯಯನ ಮಾಡಿ 1948ರಲ್ಲೇ ಪ್ರಕಟಿಸಿದ್ದರು. ಕನ್ನಡದ ಓದುಗರು ಪ್ರೀತಿಯಿಂದ ನೆನೆಯುವ ಅದೇ ಸ್ವಾಮಿ. ಅಂಥ ನಾಡಿನ ರಾಜಧಾನಿಯಲ್ಲಿ ನಮ್ಮದೇ ಸೈಕಸ್ ಹುಡುಕಿ ಕೊಳ್ಳಬೇಕಾಗಿರುವುದು ಬೇಸರದ ಸಂಗತಿ.

ರೆವೊಲ್ಯೂಟಾದಿಂದ ಇದನ್ನು ಬೇರ್ಪಡಿಸಲು ಕಿರುಎಲೆಯನ್ನು ಬೆರಳಿನ ನಡುವೆ ಹಿಡಿದು ನೋಡಿ. ರೆವೊಲ್ಯೂಟಾದ್ದು ಕಿರಿದು, ಅಂಚು ಕೆಳಕ್ಕೆ ಮಡಿಚಿರುತ್ತದೆ, ತುದಿ ಚುಚ್ಚುತ್ತದೆ. ಸರ್ಸಿನಾಲಿಸ್‌ನದ್ದು ಚಪ್ಪಟೆ, ಉದ್ದ, ಮೆತ್ತಗೆ, ಹೊಳಪು. ಆದರೆ ನರ್ಸರಿಗಳಲ್ಲಿ ಇದೇ ಹೆಸರಿನಲ್ಲಿ ಸೈಕಸ್ ರಂಫಿಯೈಯನ್ನೂ ಮಾರುತ್ತಾರೆ. ಅದು ಇಂಡೋನೇಷ್ಯಾ ಕಡೆಯ ಕರಾವಳಿಯದು, ನೋಡಲು ಹೆಚ್ಚುಕಮ್ಮಿ ಒಂದೇ. ಎಲೆ ನೋಡಿ ಹೇಳುವುದು ಕಷ್ಟ; ಬೀಜ ಸಿಕ್ಕರೆ ನೀರಿಗೆ ಹಾಕಿ, ರಂಫಿಯೈ ಬೀಜದೊಳಗೆ ಬೆಂಡಿನಂಥ ಪದರ ಇರುವುದರಿಂದ ತೇಲುತ್ತದೆ.

ಇದು ಯಾರಿಗೆ? ನೆಲಮಂಗಲ, ದೇವನಹಳ್ಳಿ, ಕನಕಪುರ ರಸ್ತೆ ಕಡೆ ಫಾರ್ಮ್ ಇರುವವರಿಗೆ, ಶಾಲೆ–ಕಾಲೇಜಿನ ವಿಶಾಲ ಆವರಣಕ್ಕೆ. ದೊಡ್ಡ ಮರದ ಚದುರಿದ ನೆರಳು, ಗೊಬ್ಬರ ಬೆರೆತ ಕೆಮ್ಮಣ್ಣು, ಮಾರ್ಚ್–ಏಪ್ರಿಲ್‌ನ ಒಣಗಾಳಿಗೆ ಒಂದಿಷ್ಟು ಮರೆ. ಇಷ್ಟಿದ್ದರೆ ಬೆಂಗಳೂರಿನಲ್ಲಿ ನಿರಾಳವಾಗಿ ಬೆಳೆಯುತ್ತದೆ, ವರ್ಷಗಳು ಉರುಳಿದಂತೆ ಆಳೆತ್ತರ ದಾಟುತ್ತದೆ. ಕೊಳ್ಳುವಾಗ ಒಂದು ನಿಯಮ ಮಾತ್ರ ಮುರಿಯಬೇಡಿ: ಬೀಜದಿಂದ ಬೆಳೆಸಿದ, ಬೊಡ್ಡೆ ಇನ್ನೂ ಮುಷ್ಟಿಗಾತ್ರ ಇರುವ ಸಸಿಯನ್ನೇ ತನ್ನಿ. ಬೇರು ಕಡಿದ, ಮೂರಡಿ ಬೊಡ್ಡೆಯ ‘ರೆಡಿ’ ಗಿಡ ಕಂಡರೆ ಅದು ಕಾಡಿನಿಂದ ಬಂದಿರುವ ಸಾಧ್ಯತೆಯೇ ಹೆಚ್ಚು.

ಉಳಿದವು

ಡಯೂನ್ ಎಡ್ಯೂಲೆ ಅಪರೂಪಕ್ಕೆ ಸಿಗುತ್ತದೆ. ನೀಲಿಛಾಯೆಯ ಬಿರುಸು ಗರಿ, ಬರ ತಡೆಯುವ ಶಕ್ತಿ, ಬೆಳವಣಿಗೆ ರೆವೊಲ್ಯೂಟಾಗಿಂತಲೂ ನಿಧಾನ. ಬಿಸಿಲ ಟೆರೇಸಿನಲ್ಲಿ ಕಳ್ಳಿಗಿಡಗಳ ಜೊತೆ ಇಡಲು ಹೇಳಿ ಮಾಡಿಸಿದ್ದು. ಡಯೂನ್ ಸ್ಪೈನುಲೋಸಮ್ ಮುಂದೆ ಮರವೇ ಆಗುತ್ತದೆ, ಕುಂಡಕ್ಕೆ ಬೇಡ.

ಆಫ್ರಿಕಾದ ಎನ್ಸೆಫಲಾರ್ಟಾಸ್ ಜಾತಿಗಳೆಲ್ಲವೂ ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲಿವೆ, ಎಂದರೆ ಕಾಡಿನ ಗಿಡಗಳ ಅಂತರರಾಷ್ಟ್ರೀಯ ವ್ಯಾಪಾರ ನಿಷಿದ್ಧ. ಆನ್‌ಲೈನ್‌ನಲ್ಲಿ ಕಾಗದಪತ್ರ ಇಲ್ಲದೆ ಯಾರಾದರೂ ಮಾರಲು ಬಂದರೆ ದೂರ ಇರಿ. ತಿರುಪತಿಯ ಶೇಷಾಚಲ ಬೆಟ್ಟಗಳ ಸೈಕಸ್ ಬೆಡ್ಡೋಮಿ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿರುವ ಬೆರಳೆಣಿಕೆಯ ಗಿಡಗಳಲ್ಲೊಂದು. ಪರವಾನಗಿ ಇಲ್ಲದೆ ಕೊಳ್ಳುವುದು, ಬೆಳೆಸುವುದು ಅಪರಾಧ. ಜೀಜೀ ಪ್ಲಾಂಟ್ ನೋಡಲು ಜೇಮಿಯಾದ ತಮ್ಮನಂತೆ ಕಂಡರೂ ಸೈಕಸ್ ವರ್ಗದ್ದಲ್ಲ, ಅದು ಕೆಸುವಿನ ಕುಟುಂಬದ್ದು. ನೇರ ಬಿಸಿಲೇ ಬಾರದ ಹಾಲ್‌ಗೆ ಬೇಕಾದರೆ ಅದನ್ನೇ ಕೊಳ್ಳಿ, ಅಲ್ಲಿ ಸೈಕಸ್ ಕೊರಗುತ್ತದೆ.

ನಾಯಿ, ಮಕ್ಕಳು ಇರುವ ಮನೆ

ಇಲ್ಲಿ ಹೋಲಿಕೆಯ ಮಾತೇ ಇಲ್ಲ. ರೆವೊಲ್ಯೂಟಾ, ಸರ್ಸಿನಾಲಿಸ್, ಜೇಮಿಯಾ ಎಲ್ಲವೂ ವಿಷ, ಎಲೆಯಿಂದ ಬೇರಿನವರೆಗೆ. ಬೀಜದಲ್ಲಿ ವಿಷ ಎಲ್ಲಕ್ಕಿಂತ ಹೆಚ್ಚು. ಅದರಲ್ಲಿರುವ ಸೈಕಾಸಿನ್ ಯಕೃತ್ತನ್ನು ಹಾಳುಮಾಡುತ್ತದೆ; ನಾಯಿಗೆ ಒಂದೆರಡು ಬೀಜ ಪ್ರಾಣಾಂತಿಕವಾಗಬಲ್ಲದು. ತಿಂದ ಕೆಲವು ಗಂಟೆಗಳಲ್ಲಿ ವಾಂತಿ, ಜೊಲ್ಲು. ಆಮೇಲೆ ಸುಧಾರಿಸಿದಂತೆ ಕಂಡರೂ ಎರಡು ಮೂರು ದಿನದಲ್ಲಿ ಯಕೃತ್ತು ಕೈಕೊಡಬಹುದು. ಹಾಗಾಗಿ ಲಕ್ಷಣಕ್ಕೆ ಕಾಯದೆ, ಗಿಡದ ತುಂಡೊಂದನ್ನು ಚೀಲದಲ್ಲಿ ಹಾಕಿಕೊಂಡು ಕೂಡಲೇ ಪಶುವೈದ್ಯರ ಬಳಿಗೆ ಹೋಗಿ. ಕಚ್ಚುವ ಚಟದ ನಾಯಿಮರಿ ಇರುವ ಮನೆಗೆ ಯಾವ ಸೈಕಸ್ಸೂ ಬೇಡ. ರೇಪಿಸ್ ಪಾಮ್ ತನ್ನಿ. ಅದಕ್ಕೆ ವಿಷವಿಲ್ಲ, ಮುಳ್ಳಿಲ್ಲ, ನೆರಳಲ್ಲೂ ಬೆಳೆಯುತ್ತದೆ.

ಹೆಣ್ಣು ಗಿಡ ಇರುವವರು ನಡುವೆ ತುಪ್ಪಳದ ಗುಮ್ಮಟದಂತೆ ಕಟ್ಟಿಕೊಂಡ ಭಾಗದಲ್ಲಿ ಕೇಸರಿ ಬೀಜ ಕಂಡರೆ ಕೈಗವಸು ಹಾಕಿ ತೆಗೆದುಬಿಡಿ, ಮಕ್ಕಳ ಕಣ್ಣನ್ನು ಅವು ತಟ್ಟನೆ ಸೆಳೆಯುತ್ತವೆ. ಇನ್ನೊಂದು ಮಾತು. ರೆವೊಲ್ಯೂಟಾವನ್ನು ಸಾಗೋ ಪಾಮ್ ಎಂದು ಮಾರುವುದರಿಂದ ಸಬ್ಬಕ್ಕಿ ಬರುವುದು ಇದರಿಂದಲೇ ಎಂದು ನಂಬಿದವರಿದ್ದಾರೆ. ನಮ್ಮ ಅಡುಗೆಮನೆಯ ಸಬ್ಬಕ್ಕಿ ಮರಗೆಣಸಿನದು. ಕೇರಳದ ಕೆಲವೆಡೆ ಸೈಕಸ್ ಬೀಜವನ್ನು ಹೆಚ್ಚಿ, ಒಣಗಿಸಿ, ದಿನಗಟ್ಟಲೆ ನೀರು ಬದಲಿಸಿ ನೆನೆಸಿ ಹಿಟ್ಟು ಮಾಡುವ ಪರಂಪರೆ ಇದೆ. ಅದನ್ನು ನೋಡಿ ಮನೆಯಲ್ಲಿ ಪ್ರಯೋಗಕ್ಕೆ ಇಳಿಯಬೇಡಿ.

ಮಣ್ಣು, ನೀರು

ಎಲ್ಲ ಸೈಕಸ್‌ಗೂ ಒಂದೇ ಸೂತ್ರ: ನೀರು ಹಾಕಿದ ಅರ್ಧ ನಿಮಿಷದಲ್ಲಿ ಕೆಳಗಿನ ತೂತಿನಿಂದ ಹೊರಬರಬೇಕು. ಮೂರು ಪಾಲು ಕೆಮ್ಮಣ್ಣು, ನಾಲ್ಕು ಪಾಲು ತೊಳೆದ ಆರು ಮಿಲಿಮೀಟರ್ ಜಲ್ಲಿ ಮತ್ತು ದಪ್ಪ ಮರಳು, ಎರಡು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಹನ್ನೆರಡು ಇಂಚಿನ ಕುಂಡಕ್ಕೆ ಎರಡು ಹಿಡಿ ಬೇವಿನ ಹಿಂಡಿ. ಎಂ ಸ್ಯಾಂಡ್ ಬಳಸುವುದಾದರೆ ಜರಡಿ ಹಿಡಿದು ತೊಳೆಯಲೇಬೇಕು. ಅದರ ಕಲ್ಲುಹುಡಿ ಒಂದು ಮಳೆಗಾಲದಲ್ಲಿ ಕುಂಡದ ತಳಕ್ಕಿಳಿದು ಸಿಮೆಂಟಿನಂತೆ ಕೂರುತ್ತದೆ. ಕೋಕೋಪೀಟ್ ಕಡಿಮೆ ಇದ್ದಷ್ಟೂ ಒಳ್ಳೆಯದು, ಸೆಪ್ಟೆಂಬರ್–ಅಕ್ಟೋಬರ್ ಮಳೆಯಲ್ಲಿ ಅದು ವಾರಗಟ್ಟಲೆ ಒದ್ದೆ ಇರುತ್ತದೆ. ಬೊಡ್ಡೆಯ ಭುಜ ಮಣ್ಣಿನಿಂದ ಮೇಲಿರಲಿ.

ಬೇಸಿಗೆಯಲ್ಲಿ ಕುಂಡಕ್ಕೆ ನಾಲ್ಕೈದು ದಿನಕ್ಕೊಮ್ಮೆ, ಎರಡು ಇಂಚು ಆಳದವರೆಗೆ ಮಣ್ಣು ಒಣಗಿದ ಮೇಲೆ. ಸುಳಿ ಬಿಚ್ಚುವಾಗ ಮಾತ್ರ ಒಣಗಲು ಬಿಡಬೇಡಿ. ಮಳೆಗಾಲದಲ್ಲಿ ಕುಂಡದ ಕೆಳಗಿನ ತಟ್ಟೆ ತೆಗೆದುಬಿಡಿ.

ಕುಂಡ ಬದಲಿಸುವಾಗ ಮಣ್ಣಿನ ಮೇಲ್ಪದರದಲ್ಲಿ ಗಂಟುಗಂಟಾಗಿ ಕವಲೊಡೆದು ಮೇಲ್ಮುಖವಾಗಿ ಬೆಳೆದ ಬೇರು ಸಿಕ್ಕರೆ ರೋಗವೆಂದು ಕತ್ತರಿಸಬೇಡಿ. ಅವುಗಳೊಳಗೆ ನೀಲಿಹಸಿರು ಪಾಚಿಯ ಬಗೆಯ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ. ಒಂದನ್ನು ಮುರಿದು ನೋಡಿದರೆ ಒಳಗೆ ಹಸಿರು ಉಂಗುರ ಕಾಣುತ್ತದೆ. ಇದರಿಂದಾಗಿ ಸೈಕಸ್‌ಗೆ ಯೂರಿಯಾ ಸುರಿಯುವ ಅಗತ್ಯವಿಲ್ಲ.

ನರ್ಸರಿಯಲ್ಲಿ ಕೈ ಹಾಕಿ ನೋಡಿ

ಲಾಲ್‌ಬಾಗ್ ಸುತ್ತಮುತ್ತ, ಸಿದ್ದಾಪುರದಲ್ಲಿ, ಸರ್ಜಾಪುರ ರಸ್ತೆಯಲ್ಲಿ ಮಾರಾಟಕ್ಕಿರುವ ಗಿಡಗಳಲ್ಲಿ ಸಾಕಷ್ಟು ಆಂಧ್ರದ ಕಡಿಯಂ ನರ್ಸರಿಗಳಿಂದ ಲಾರಿಯಲ್ಲಿ ಬಂದವು. ಬಂದ ವಾರವೇ ಕೊಳ್ಳುವುದಕ್ಕಿಂತ ಒಂದೆರಡು ತಿಂಗಳು ಇಲ್ಲಿ ನಿಂತು, ಇಲ್ಲಿಯೇ ಸುಳಿ ಬಿಟ್ಟ ಗಿಡ ಒಳ್ಳೆಯದು. ಬೊಡ್ಡೆಯನ್ನು ಹೆಬ್ಬೆರಳಿನಿಂದ ಸುತ್ತಲೂ ಒತ್ತಿ, ಎಲ್ಲಿಯೂ ಮೆತ್ತಗಿರಬಾರದು. ಹಿಡಿದು ಅಲ್ಲಾಡಿಸಿ; ಕುಂಡದೊಳಗೆ ಸಡಿಲವಾಗಿ ತಿರುಗಿದರೆ ಬೇರಿಲ್ಲ. ಕೆಳಗಿನ ಗರಿಯೊಂದನ್ನು ಮಗುಚಿ, ಕಿರುಎಲೆಯ ಅಡಿಯನ್ನು ಉಗುರಿನಿಂದ ಕೆರೆದು ನೋಡಿ. ಬಿಳಿ ಹುಡಿ ಎದ್ದು ಅದರಡಿ ಕಿತ್ತಳೆ ಅಥವಾ ಹಳದಿ ಚುಕ್ಕೆ ಕಂಡರೆ ಜೀವಂತ ಶಲ್ಕ ಕೀಟ, ಆ ಗಿಡವನ್ನಷ್ಟೇ ಅಲ್ಲ ಅದರ ಪಕ್ಕದವನ್ನೂ ಬಿಡಿ. ಈ ಕೀಟ ಬೇರಿಗೂ ಇಳಿಯುವುದರಿಂದ ಎಲೆ ತೊಳೆದರೆ ಮುಗಿಯುವುದಿಲ್ಲ. ಮನೆಯ ಗಿಡಕ್ಕೇ ಬಂದಿದ್ದರೆ ಹೆಚ್ಚು ಹತ್ತಿದ ಗರಿ ಕತ್ತರಿಸಿ ಚೀಲದಲ್ಲಿ ಕಟ್ಟಿ ಎಸೆದು, ಲೀಟರಿಗೆ ಐದು ಮಿಲಿ ಬೇವಿನ ಎಣ್ಣೆಗೆ ಒಂದು ಮಿಲಿ ಸೋಪಿನ ದ್ರಾವಣ ಬೆರೆಸಿ, ಎಲೆಯ ಅಡಿಭಾಗಕ್ಕೆ ಹತ್ತು ದಿನಕ್ಕೊಮ್ಮೆ ಕನಿಷ್ಠ ಮೂರು ಸಲ ಹೊಡೆಯಿರಿ. ಸತ್ತ ಶಲ್ಕ ಎಲೆಗೇ ಅಂಟಿಕೊಂಡಿರುತ್ತದೆ, ಹಾಗಾಗಿ ಔಷಧಿ ಕೆಲಸ ಮಾಡಿದೆಯೋ ಇಲ್ಲವೋ ಎಂಬುದನ್ನೂ ಉಗುರಿನಿಂದ ಕೆರೆದೇ ತಿಳಿಯಬೇಕು.

ಬೊಡ್ಡೆಯ ಎತ್ತರಕ್ಕೆ ತಕ್ಕಂತೆ ಬೆಲೆ ಏರುತ್ತದೆ. ರೆವೊಲ್ಯೂಟಾ ಬೊಡ್ಡೆ ವರ್ಷಕ್ಕೆ ಹೆಚ್ಚೆಂದರೆ ಒಂದು ಇಂಚಿನ ಆಸುಪಾಸು ಏರುವುದರಿಂದ ಅಲ್ಲಿ ನೀವು ಕೊಡುವುದು ವರ್ಷಗಳ ಬೆಲೆ. ಮೊದಲ ಸಲ ಕೊಳ್ಳುವವರು ಟೆನಿಸ್ ಚೆಂಡಿನಿಂದ ತೆಂಗಿನಕಾಯಿ ಗಾತ್ರದ ನಡುವಿನ ಬೊಡ್ಡೆ ಕೊಂಡರೆ ಸಾಕು. ಹಳೆಯ ಗಿಡ ಇರುವ ಪರಿಚಯದವರ ಮನೆ ಇದ್ದರೆ ಕೊಳ್ಳುವುದೂ ಬೇಡ. ಬುಡದಲ್ಲಿ ಬಂದ ಕಿತ್ತಳೆ ಗಾತ್ರದ ಮರಿಯನ್ನು ಫೆಬ್ರವರಿಯಲ್ಲಿ ಬೇರ್ಪಡಿಸಿ, ಅದರ ಎಲೆಗಳನ್ನೆಲ್ಲ ಕತ್ತರಿಸಿ, ಗಾಯಕ್ಕೆ ಶಿಲೀಂಧ್ರನಾಶಕ ಹಚ್ಚಿ, ಒಂದು ವಾರ ನೆರಳಲ್ಲಿ ಒಣಗಿಸಿ, ಅರ್ಧ ಹೂಳುವಂತೆ ಮರಳಿನಲ್ಲಿ ನೆಡಿ. ಬೇರು ಬರಲು ತಿಂಗಳುಗಳೇ ಬೇಕು. ಬೇರು ಬಂತೇ ಎಂದು ಕಿತ್ತು ನೋಡುವುದರಿಂದ ಸತ್ತ ಮರಿಗಳೇ ಹೆಚ್ಚು. ಮರಿ ತಾಯಿಗಿಡದ ಲಿಂಗವನ್ನೇ ಹೊಂದಿರುತ್ತದೆ. ಬೀಜದ ತಲೆನೋವು ಬೇಡದವರು ಗಂಡು ಗಿಡದ ಮರಿ ಕೇಳಿ.

ಮನೆಗೆ ತಂದ ಮೇಲೆ

ನರ್ಸರಿಯ ಹಸಿರು ಬಲೆಯ ನೆರಳಿನಿಂದ ನೇರ ಟೆರೇಸಿಗೆ ಇಟ್ಟರೆ ಮಾರ್ಚ್ ಬಿಸಿಲು ಎರಡೇ ದಿನದಲ್ಲಿ ಗರಿಗಳನ್ನು ಬಿಳುಪಾಗಿಸುತ್ತದೆ. ಮೊದಲ ವಾರ ಬೆಳಗಿನ ಬಿಸಿಲು ಮಾತ್ರ, ಆಮೇಲೆ ವಾರ ವಾರಕ್ಕೆ ಒಂದೊಂದು ಗಂಟೆ ಹೆಚ್ಚಿಸುತ್ತಾ ಹೋಗಿ. ಸುಳಿ ಏಳುತ್ತಿದ್ದರೆ ಕುಂಡ ಬದಲಿಸಬೇಡಿ, ಗರಿ ಪೂರ್ತಿ ಗಟ್ಟಿಯಾಗುವವರೆಗೆ ಕಾಯಿರಿ. ಬೇರು ಕದಲಿದ ಗಿಡದ ಮುಂದಿನ ಸುಳಿ ಗಿ‌ಡ್ಡವಾಗಿ, ಕಡಿಮೆ ಗರಿಯೊಂದಿಗೆ ಬರುವುದು ಸಹಜ, ಅದಕ್ಕೆ ಗಾಬರಿಪಟ್ಟು ಗೊಬ್ಬರ ಹಾಕಿದರೆ ಹೊಸ ಬೇರು ಸುಡುತ್ತದೆ. ಶಂಕು ಬಿಟ್ಟ ವರ್ಷ ಕೆಲವು ಗಿಡಗಳು ಗರಿಯನ್ನೇ ಬಿಡುವುದಿಲ್ಲ. ಬೊಡ್ಡೆ ಗಟ್ಟಿ ಇದ್ದರೆ ಗಿಡಕ್ಕೆ ಏನೂ ಆಗಿಲ್ಲ. ಹಳೆಯ ಗರಿಗಳನ್ನು ಪೂರ್ತಿ ಒಣಗುವ ಮುನ್ನ ಕತ್ತರಿಸಬೇಡಿ, ಹೊಸ ಸುಳಿಗೆ ಬೇಕಾದ ಪೊಟ್ಯಾಸಿಯಂ ಮತ್ತು ಮೆಗ್ನೀಸಿಯಂ ಅವುಗಳಿಂದಲೇ ಹರಿದು ಹೋಗುತ್ತಿರುತ್ತದೆ.